ಗಂಡನ ಹೆಸರಿಗೊಂದು ಚೌಕ

ಮಾರ್ಚ್ 4, 1979. ಉರ್ವ

ನಿವೃತ್ತನಾದ ಮೇಲೆ ದಿನಚರಿ ಬರೆಯುವುದನ್ನು ಬಿಟ್ಟಿದ್ದೆ. ಹೆಡ್‌ಮಾಸ್ತರನಿಗೆ ಬರೆಯಲು ದಿನವೂ ಏನಾದರೂ ಇರುತ್ತಿತ್ತು, ಬರೀ ಶೀನಪ್ಪ ಶೆಟ್ಟಿಗೆ ಏನಿದೆ? ಇವತ್ತು ಒಂದೇ ದಿನ ಎರಡು ಸಂಗತಿ ನಡೆದದ್ದರಿಂದ ಪುಸ್ತಕ ಹೊರಗೆ ತೆಗೆದಿದ್ದೇನೆ.

ಮೊದಲನೆಯದು ಬೊಂಬಾಯಿಯಿಂದ ದುಗ್ಗಪ್ಪನ ಕಾಗದ. ಅವನು ನನ್ನ ಗುಲಾಬಿ ಚಿಕ್ಕಮ್ಮನ ಮಗ. ಹದಿನಾಲ್ಕನೇ ವಯಸ್ಸಿಗೆ ಊರು ಬಿಟ್ಟು ಹೋಗಿ ಈಗ ಎರಡು ಹೋಟೆಲಿನ ಯಜಮಾನ. ಮೇ ಹದಿಮೂರಕ್ಕೆ ಕುಟುಂಬದವರನ್ನೆಲ್ಲ ಮಂಗಳೂರಿನಲ್ಲಿ ಒಟ್ಟು ಸೇರಿಸಬೇಕೆಂದು ಅವನಿಗೆ ಮನಸ್ಸಾಗಿದೆ. ನಮ್ಮ ಹಿರಿಯರ ಮನೆ ಪಣಂಬೂರಿನಲ್ಲಿ ಹೊಸ ಬಂದರಿಗೆ ಹೋಯಿತು. ಮನೆ ಇಲ್ಲದಿದ್ದರೆ ವಂಶವೃಕ್ಷವಾದರೂ ಇರಲಿ, ಅಚ್ಚು ಹಾಕಿಸಿ ಎಲ್ಲರಿಗೂ ಒಂದೊಂದು ಕೊಡುವ, ನೀವು ಮಾಸ್ತರರು, ನಿಮ್ಮಿಂದಲೇ ಆಗಬೇಕು ಎಂದು ಬರೆದಿದ್ದಾನೆ. ನಮ್ಮದು ಅಳಿಯಸಂತಾನ. ವಂಶ ತಾಯಿಯಿಂದ ಮಗಳಿಗೆ ಇಳಿಯುವುದು. ನನ್ನ ಹತ್ತಿರ ಇರುವ ಹಳೆಯ ಪಟ್ಟಿಯಲ್ಲಿ ಹೆಂಗಸರ ಹೆಸರು, ಅವರ ಮಕ್ಕಳ ಹೆಸರು, ಅಷ್ಟೇ. ದುಗ್ಗಪ್ಪನಿಗೆ ಅದು ಸಾಲದು. ಪ್ರತಿ ಹೆಂಗಸಿನ ಪಕ್ಕದಲ್ಲಿ ಒಂದು ಚೌಕ ಹಾಕಿ ಗಂಡನ ಹೆಸರು ಬರೆಯಬೇಕಂತೆ. ಅವನ ಮೊಮ್ಮಕ್ಕಳು ಕೇಳುತ್ತಾರಂತೆ. ಸರಿಯಾದ ಮಾತೆಂದೇ ನನಗೂ ಕಂಡಿತು.

ಎರಡನೆಯದು, ಮಧ್ಯಾಹ್ನ, ನನ್ನ ಜೊತೆಯಲ್ಲೇ ಇರುವ ತಂಗಿ ವಾರಿಜಳ ಮಗಳು ಸ್ವರ್ಣಲತಾ ಎರಡು ಚೀಲ ಹಿಡಿದು ರಿಕ್ಷಾದಿಂದ ಇಳಿದಳು. ಗಂಡನ ಮನೆ ಇಲ್ಲೇ ಶಕ್ತಿನಗರದಲ್ಲಿ, ಮದುವೆಯಾಗಿ ಮೂರು ವರ್ಷ. ಬೆಳಿಗ್ಗೆ ಬಂದು ಸಂಜೆ ಹೋಗುವಷ್ಟು ಹತ್ತಿರದವಳು ಎರಡು ಚೀಲ ತಂದಳೆಂದರೆ ಅದು ಸುಮ್ಮನೆ ತವರು ನೋಡಲು ಬಂದದ್ದಲ್ಲ.

"ಎಂತ ಆಯ್ತು ಮಗಾ?" ಎಂದು ಕೇಳಿದೆ.

"ಎಂತ ಆಗ್ಲಿಲ್ಲ ಮಾವ," ಎಂದು ಒಳಗೆ ಹೋದಳು.

ತಂದೆ ಇಲ್ಲದ ಹುಡುಗಿ. ತಂದೆ ಇದ್ದರೂ ನಮ್ಮಲ್ಲಿ ಇಂಥದ್ದಕ್ಕೆಲ್ಲ ಸೋದರಮಾವನೇ ಜವಾಬ್ದಾರ. ಒಂದು ವಾರದಲ್ಲಿ ಬುದ್ಧಿ ಹೇಳಿ ಕಳಿಸುತ್ತೇನೆ.

ಮಾರ್ಚ್ 6

ವಾರಿಜ ಅಡಿಗೆಮನೆಯ ಬಾಗಿಲ ಹಿಂದೆ ನಿಂತು ಹೇಳಿದಳು. ಮುಖ ತೋರಿಸಲಿಲ್ಲ, ನಾನೂ ನೋಡಲಿಲ್ಲ. ಮೂರು ವರ್ಷದಲ್ಲಿ ಅಳಿಯ ಜಯಪಾಲ ಒಮ್ಮೆಯೂ ಆ ವಿಷಯದಲ್ಲಿ... ಇರಲಿ. ದಿನಚರಿಯಲ್ಲೂ ಬರೆಯುವಂಥದ್ದಲ್ಲ.

ಹುಡುಗಿಗೆ ಅಲ್ಲಿ ಏನು ಕಡಿಮೆ? ಅಳಿಯ ಬೀಡಿ ಸೇದುವವನಲ್ಲ, ಕುಡಿಯುವವನಲ್ಲ. ಹಂಪನಕಟ್ಟೆಯಲ್ಲಿ ಮನೆಯವರದೇ ಲಾಡ್ಜು. ಹೆಂಡತಿಗೆ ಗಟ್ಟಿಯಾಗಿ ಒಂದು ಮಾತು ಆಡಿಲ್ಲವೆಂದು ಅವಳೇ ಹೇಳುತ್ತಾಳೆ. ಆ ವಿಷಯ ಒಂದಿಲ್ಲದಿದ್ದರೆ ಆಕಾಶ ಕಳಚಿ ಬೀಳುತ್ತದೆಯೇ? ನಮ್ಮ ಹಿರಿಯರ ಕಾಲದಲ್ಲಿ ಹೆಂಗಸರು ಇಂಥದ್ದಕ್ಕೆ ಬಾಯಿ ಬಿಡುತ್ತಿದ್ದರೇ? ಇದೆಲ್ಲ ಸಿನಿಮಾ ನೋಡಿ ಬಂದದ್ದು. ಮೂವತ್ತು ವರ್ಷ ಮಕ್ಕಳಿಗೆ ನೀತಿ ಪಾಠ ಹೇಳಿದವನ ಮನೆಯಲ್ಲೇ ಹೀಗೆ.

ಮಾರ್ಚ್ 11

ಕೊಟ್ಟಾರದಲ್ಲಿ ಸುರತ್ಕಲ್ ಬಸ್ಸು ಹಿಡಿದು, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಕಾಟಿಪಳ್ಳಕ್ಕೆ ಹೋಗಿ ಬಂದೆ. ಬಂದರಿಗೆ ಜಾಗ ಕೊಟ್ಟವರಿಗೆ ಸರಕಾರ ಅಲ್ಲಿ ನಿವೇಶನ ಕೊಟ್ಟಾಗ ಗುಲಾಬಿ ಚಿಕ್ಕಮ್ಮ ಮಗಳ ಜೊತೆ ಅಲ್ಲಿಗೆ ಹೋದವರು. ಎಂಬತ್ತು ವರ್ಷ. ಕಿವಿ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಬೆಲ್ಲ ನೀರು ಕೊಟ್ಟು, ಎಲೆ ಅಡಿಕೆಯ ಬಟ್ಟಲು ಹತ್ತಿರ ಎಳೆದುಕೊಂಡು ಕೂತರು. ನಾನು ಪೆನ್ನು ತೆಗೆದೆ.

"ಮೊದಲು ಅಜ್ಜಿಯದ್ದು ಹೇಳಿ ಚಿಕ್ಕಮ್ಮ. ಮುತ್ತಕ್ಕೆ ಶೆಡ್ತಿ. ಗಂಡನ ಹೆಸರು?"

"ಯಾವ ಗಂಡ?"

ನನಗೆ ಅರ್ಥವಾಗಲಿಲ್ಲ. "ಅಜ್ಜಿಯ ಗಂಡ."

"ಅದೇ ಕೇಳಿದ್ದು ಮಾರಾಯ. ಮೊದಲನೆಯವರು ಸಂಕಪ್ಪ ಶೆಟ್ರು. ಅದು ಒಂದೂವರೆ ವರ್ಷ. ಅದು ಬಿಟ್ಟ ಮೇಲೆ ಸುರತ್ಕಲ್ ಕಡೆಯ ಮಂಜಣ್ಣ ಶೆಟ್ರು ಕೈ ಹಿಡಿದದ್ದು. ನಿನ್ನ ಅಮ್ಮ ಅವರ ಮಗಳು. ಅವರು ಜ್ವರದಲ್ಲಿ ಹೋದ್ರು. ಮತ್ತೆ ಕೊರಗಪ್ಪ ಶೆಟ್ರು. ನಾನು ಅವರ ಮಗಳು."

ಪೆನ್ನು ಕಾಗದದ ಮೇಲೆ ಇಟ್ಟಲ್ಲೇ ಇತ್ತು. ಶಾಯಿ ಇಂಗಿ ಒಂದು ದೊಡ್ಡ ಚುಕ್ಕೆಯಾಯಿತು.

"ಅಂದ್ರೆ ನೀವೂ ಅಮ್ಮನೂ ಬೇರೆ ಬೇರೆ ಅಪ್ಪಂದಿರ ಮಕ್ಕಳಾ? ನಮಗೆ ಯಾರೂ ಹೇಳ್ಲೇ ಇಲ್ಲ!"

"ಹೇಳ್ಲಿಕ್ಕೆ ಎಂತ ಉಂಟು? ತಾಯಿ ಒಬ್ಬಳೇ ಅಲ್ವಾ?"

ಆಮೇಲೆ ಬೇರೆ ಹೆಸರುಗಳನ್ನೂ ಹೇಳಿದರು. ಬರೆದುಕೊಂಡೆ. ಏನು ಬರೆದೆನೋ ಈಗ ಓದಲು ಬರುವುದಿಲ್ಲ.

ಮಾರ್ಚ್ 13

ಐವತ್ತೆಂಟು ವರ್ಷದ ನನಗೆ ಇದು ಗೊತ್ತಿರಲಿಲ್ಲ. ಅಮ್ಮ ಸಾಯುವವರೆಗೂ ಗುಲಾಬಿ ಚಿಕ್ಕಮ್ಮನನ್ನು "ನನ್ನ ತಂಗಿ" ಎಂದೇ ಹೇಳಿದ್ದು. ಬಚ್ಚಿಟ್ಟದ್ದಲ್ಲ ಎಂದು ಚಿಕ್ಕಮ್ಮನ ಮುಖ ನೋಡಿದರೆ ತಿಳಿಯುತ್ತದೆ. ಬಚ್ಚಿಡುವಂಥದ್ದು ಎಂದೇ ಅವರಿಗೆ ಅನಿಸಿರಲಿಲ್ಲ.

ಅಮ್ಮ ನನಗೆ ಕಲಿಸಿದ ನಾಚಿಕೆ ಎಲ್ಲಿಂದ ಬಂತು ಹಾಗಾದರೆ? ನಾನು ಶಾಲೆಯಲ್ಲಿ "ನಮ್ಮ ಪುರಾತನ ಸಂಸ್ಕೃತಿ" ಎಂದು ಮಕ್ಕಳಿಗೆ ಹೇಳಿದ್ದು ಯಾರ ಸಂಸ್ಕೃತಿ? ತಲೆ ಚಿಟ್ಟು ಹಿಡಿಯಿತು. ಸ್ವರ್ಣ ಕಾಫಿ ತಂದಿಟ್ಟಳು. ಬುದ್ಧಿ ಹೇಳಲು ಇವತ್ತು ಮನಸ್ಸಾಗಲಿಲ್ಲ.

ಮಾರ್ಚ್ 20

ಕೊಡಿಯಾಲ್‌ಬೈಲಿನ ಪ್ರೆಸ್ಸಿಗೆ ಹೋದೆ. ಅಚ್ಚಿನ ಮೊಳೆ ಜೋಡಿಸುವ ಸೆವರಿನ್ ನನ್ನ ಹಳೆಯ ಶಿಷ್ಯ. ಕರಡು ಪ್ರತಿ ಎದುರಿಗಿಟ್ಟು ತಲೆ ಕೆರೆದುಕೊಂಡ.

"ಮಾಸ್ಟ್ರೇ, ಚೌಕಕ್ಕೆ ಒಂದು ಹೆಸರು ಅಂತ ಅಳತೆ ತೆಗೆದು ಸೀಸದ ಗೆರೆ ಕತ್ತರಿಸಿದ್ದೇನೆ. ಇಲ್ಲಿ ಮೂರು ಹೆಸರು ಉಂಟು. ಎಲ್ಲಿ ತುರುಕಿಸುದು?"

"ಸಣ್ಣ ಅಕ್ಷರ ಹಾಕು."

"ಸಣ್ಣ ಹಾಕಿದ್ರೂ ಎರಡೇ ಹಿಡಿಯುದು. ಒಬ್ಬರನ್ನು ಬಿಡಿ."

ಯಾರನ್ನು ಬಿಡುವುದು? ಸಂಕಪ್ಪ ಶೆಟ್ಟರಿಗೆ ಮಕ್ಕಳಿಲ್ಲ, ಆದರೆ ಮೊದಲು ಕೈ ಹಿಡಿದವರನ್ನೇ ಇಲ್ಲವೆನ್ನುವುದು ಹೇಗೆ? ಮಂಜಣ್ಣ ಶೆಟ್ಟರನ್ನು ಬಿಟ್ಟರೆ ನಾನೂ ವಾರಿಜಳೂ ಕಾಗದದ ಮೇಲೆ ಅಪ್ಪನ ಹೆಸರಿಲ್ಲದವಳ ಮಕ್ಕಳು. ಕೊರಗಪ್ಪ ಶೆಟ್ಟರನ್ನು ಬಿಟ್ಟರೆ ದುಗ್ಗಪ್ಪನಿಗೆ ಅದೇ ಗತಿ. ಇಡೀ ಊರು ಹೆಣ್ಣಿನ ಲೆಕ್ಕದಲ್ಲಿ ಬದುಕಿದ್ದಾಗ ಯಾರಿಗೂ ಇಲ್ಲದ ಕಳಂಕ ನನ್ನ ಒಂದು ಚೌಕದಿಂದ ಹುಟ್ಟಿಕೊಂಡಿತು.

ಸೆವರಿನ್‌ಗೆ ಎಲ್ಲ ಹೇಳಿದೆ. ಯಾಕೆ ಹೇಳಿದೆನೋ. ಅವನು ಕೈಯ ಮಸಿ ಒರೆಸಿಕೊಂಡು ಹೇಳಿದ: "ನಿಮ್ಮ ಅಜ್ಜಿ ಪುಣ್ಯವಂತೆ ಮಾಸ್ಟ್ರೇ. ನಮ್ಮಲ್ಲಿ ಒಮ್ಮೆ ಕಟ್ಟಿದ್ದು ಬಿಚ್ಚಲಿಕ್ಕಿಲ್ಲ. ನನ್ನ ಅಕ್ಕ ಗೆರ್ಟ್ರೂಡ್ ಗಂಡನ ಮುಖ ನೋಡಿ ಇಪ್ಪತ್ತು ವರ್ಷ ಆಯ್ತು. ಇನ್ನೂ ಅವನ ಹೆಂಡತಿಯೇ. ಇಗರ್ಜಿಯಲ್ಲಿ ಅವನ ಹೆಸರಲ್ಲೇ ಕರೀತಾರೆ."

ದಾರಿಯುದ್ದಕ್ಕೂ ಇದೇ ಯೋಚನೆ. ನಮ್ಮ ಎರಡು ಮನೆ ಆಚೆ ಬ್ಯಾರಿ ಮುಸಲ್ಮಾನರ ಮುಮ್ತಾಝ್ ಮೊದಲ ಗಂಡನನ್ನು ಬಿಟ್ಟು ಎರಡನೆಯವನ ಜೊತೆ ಸುಖವಾಗಿದ್ದಾಳೆ, ಅವರಲ್ಲಿ ಯಾರೂ ಹುಬ್ಬೇರಿಸಲಿಲ್ಲ. ಗೆರ್ಟ್ರೂಡಳಿಗೆ ಅದು ಪಾಪ. ಸ್ವರ್ಣಳಿಗೆ ಅವಮಾನ. ನನ್ನ ಅಜ್ಜಿಗೆ ಏನೂ ಅಲ್ಲ. ಒಂದೇ ಊರು, ಒಂದೇ ಬಸ್ಸಿನಲ್ಲಿ ಓಡಾಡುವ ಜನ. ಇದರಲ್ಲಿ ದೇವರು ಮಾಡಿದ್ದು ಯಾವುದು, ನಾವು ಮಾಡಿದ್ದು ಯಾವುದು? ಮಕ್ಕಳು ಕೇಳಿದ್ದರೆ "ಕೂತುಕೋ" ಎಂದು ಗದರಿಸುತ್ತಿದ್ದೆ.

ಮಾರ್ಚ್ 28

ದುಗ್ಗಪ್ಪನಿಗೆ ಬರೆದಿದ್ದೆ. ಉತ್ತರ ಬಂತು. ನಮ್ಮ ಅಜ್ಜಿಗೆ ಮೂವರು ಗಂಡಂದಿರೆಂದು ಹತ್ತು ಜನರ ಕೈಗೆ ಕಾಗದ ಕೊಡಲು ಅವನಿಗೆ ಹುಚ್ಚು ಹಿಡಿದಿಲ್ಲವಂತೆ. ಕೊರಗಪ್ಪ ಶೆಟ್ಟರ ಹೆಸರು ಮಾತ್ರ ಹಾಕಿ, ಅವರೇ ಕೊನೆಯವರು, ಯಾರಿಗೂ ತಿಳಿಯುವುದಿಲ್ಲ ಎಂದಿದ್ದಾನೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ನನಗೆ ಸಿಟ್ಟು ಬಂತು. ಆದರೆ ಅವನ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ ಎಂಬುದೂ ನಿಜ.

ಸಂಜೆ ಜಯಪಾಲನ ತಾಯಿ ಬಂದರು. ಆದದ್ದು ಆಯಿತು, ಹೊಸ ವರ್ಷದ ಬಿಸು ಹಬ್ಬ ಇಲ್ಲೇ ಮುಗಿಸಲಿ, ಏಪ್ರಿಲ್ ಹದಿನಾರಕ್ಕೆ ಕಾರು ತಂದು ಸೊಸೆಯನ್ನು ಕರೆದುಕೊಂಡು ಹೋಗುತ್ತೇನೆ ಎಂದರು. ಅವರಿಗೆ ಆ ವಿಷಯ ಗೊತ್ತೇ ಇಲ್ಲವೆಂದು ಕಾಣುತ್ತದೆ. ವಾರಿಜ ನನ್ನ ಮುಖ ನೋಡಿದಳು. "ಕಳಿಸ್ತೇನೆ" ಎಂದು ಮಾತು ಕೊಟ್ಟೆ. ಒಳಗಿನಿಂದ ಪಾತ್ರೆ ಬಿದ್ದ ಸದ್ದಾಯಿತು. ಆಮೇಲೆ ಸ್ವರ್ಣ ಊಟಕ್ಕೆ ಬರಲಿಲ್ಲ.

ಏಪ್ರಿಲ್ 1

ಮತ್ತೆ ಕಾಟಿಪಳ್ಳ. ಚಿಕ್ಕಮ್ಮನಿಗೆ ಎಂದು ಉರ್ವ ಮಾರ್ಕೆಟ್ಟಿನಿಂದ ಒಳ್ಳೆಯ ವೀಳ್ಯದೆಲೆ ತೆಗೆದುಕೊಂಡು ಹೋದೆ. ಪಟ್ಟಿ ಸರಿ ಮಾಡುವ ನೆಪ. ನಿಜವಾಗಿ ಕೇಳಬೇಕಾಗಿದ್ದದ್ದು ಒಂದೇ.

"ಅಜ್ಜಿ ಸಂಕಪ್ಪ ಶೆಟ್ರನ್ನು ಯಾಕೆ ಬಿಟ್ಟದ್ದು ಚಿಕ್ಕಮ್ಮ? ಹೊಡೀತಿದ್ರಾ?"

"ಛೇ! ದನಕ್ಕೂ ಕೋಲು ಎತ್ತದ ಮನುಷ್ಯ."

"ಮತ್ತೆ?"

"ಅಮ್ಮನಿಗೆ ಬೇಕಿತ್ತು. ಅವರಿಗೆ ಬೇಡ ಇತ್ತು. ಅಷ್ಟೇ."

ನನ್ನ ಕಿವಿ ಬಿಸಿಯಾಯಿತು. ಚಿಕ್ಕಮ್ಮ ಎಲೆಯ ನಾರು ತೆಗೆಯುತ್ತಿದ್ದರು.

"ಯಾಕೆ ಬೇಡ ಇತ್ತು?"

"ಕೇಳಿದವರು ಯಾರು? ಕೆಲವರಿಗೆ ಹಾಗೆ. ಅಮ್ಮ ಮನೆಗೆ ಬಂದು ಅವಳ ಮಾವನ ಹತ್ರ ಹೇಳಿದಳು. ಮಾವ ಬೆಳಿಗ್ಗೆ ವೀಳ್ಯ ಹಿಡ್ಕೊಂಡು ಸಂಕಪ್ಪ ಶೆಟ್ರ ಮನೆಗೆ ಹೋದ್ರು, ಹರಿವಾಣದಲ್ಲಿ ಇಟ್ರು, 'ಅನ್ನದ ಋಣ ತೀರಿತು, ಮಾತು ಉಳಿಯಲಿ' ಅಂದ್ರು. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದ್ರು. ನಾನು ಹುಟ್ಟಿದಾಗ ಸಂಕಪ್ಪ ಶೆಟ್ರು ತೊಟ್ಟಿಲಿಗೆ ಹಗ್ಗ ಹೆಣೆದು ತಂದಿದ್ರಂತೆ. ಅವರು ಸಾಯುವವರೆಗೂ ಪ್ರತಿವರ್ಷ ಮರದ ಮೊದಲ ಹಲಸಿನ ಹಣ್ಣು ನಮ್ಮ ಮನೆಗೆ ಬರ್ತಿತ್ತು."

ನಾನು ಕೇಳಿದೆ: "ಯಾವಾಗ ಇದೆಲ್ಲ ನಾಚಿಕೆಯ ವಿಷಯ ಆದದ್ದು?"

"ಒಂದು ದಿನದಲ್ಲಿ ಆದದ್ದಾ? ನಾವು ಸಣ್ಣದಿರುವಾಗ ಮನೆಯ ಹೆಂಗಸರಿಗೆ ರವಿಕೆ ಇರ್ಲಿಲ್ಲ. ನಿನ್ನ ಅಮ್ಮ ಶಾಲೆಗೆ ಹೋಗ್ಲಿಕ್ಕೆ ಸುರು ಮಾಡಿದಳು, ರವಿಕೆ ಬಂತು. ಪುಸ್ತಕ ಬಂತು. ಹೆಂಗಸು ಅಂದ್ರೆ ಹೀಗಿರ್ಬೇಕು, ಹಾಗಿರ್ಬೇಕು ಅಂತ ಬಂತು. ಮತ್ತೆ ನಿನ್ನಂಥ ಮಾಸ್ಟ್ರುಗಳು ಬಂದ್ರು."

ನನಗೆ ನಗು ಬರಲಿಲ್ಲ. ಆ ಕಾಲವೇ ಒಳ್ಳೆಯದಿತ್ತು ಹಾಗಾದರೆ ಎಂದೆ. ಚಿಕ್ಕಮ್ಮ ಎಲೆ ಮಡಚುತ್ತಾ ಕತ್ತೆತ್ತಿ ನೋಡಿದರು.

"ಎಂತ ಒಳ್ಳೆಯದು? ನಿನ್ನ ಅಮ್ಮ ಮೊದಲು ಬೇಕು ಅಂದದ್ದು ಬೇರೆ ಜಾತಿಯವನನ್ನು. ಮಾವ ಬೇಡ ಅಂದ್ರು. ಒಂದು ವಾರ ಕೋಣೆಯಲ್ಲಿ ಹಾಕಿ ಬೀಗ ಹಾಕಿದ್ರು. ಮತ್ತೆ ನಿನ್ನ ಅಪ್ಪನನ್ನು ತೋರಿಸಿದ್ರು. ಆವಾಗ ಒಂದು ಬಾಗಿಲು ತೆರೆದಿತ್ತು, ಇನ್ನೊಂದು ಹಾಕಿತ್ತು. ಈಗ ಬೇರೆ ಬಾಗಿಲು ಹಾಕಿದ್ದಾರೆ."

ಅಮ್ಮನನ್ನು ಬೀಗ ಹಾಕಿ ಇಟ್ಟಿದ್ದರಂತೆ. ಯಾವಾಗಲೂ ತುಸು ಸಿಡುಕಿನ ಅಮ್ಮ. ನಾನು ಬರೆದುಕೊಳ್ಳಲು ಹೋದದ್ದು ಗಂಡಂದಿರ ಹೆಸರು. ಬಸ್ಸಿನಲ್ಲಿ ಕಂಡಕ್ಟರ್ ಎರಡು ಸಲ ಟಿಕೇಟು ಕೇಳಿದ.

ಏಪ್ರಿಲ್ 8

ಜಯಪಾಲ ಮನೆಯ ಒಳಗೆ ಬರಲಿಲ್ಲ. ಗೇಟಿನ ಹೊರಗೆ ಸ್ಕೂಟರ್ ನಿಲ್ಲಿಸಿ, "ಮಾವ, ಸ್ವಲ್ಪ ದೂರ ಹೋಗಿ ಬರುವನಾ?" ಎಂದ. ಹಿಂದೆ ಕೂತೆ. ನೇರ ಪಣಂಬೂರಿಗೆ ಕರೆದುಕೊಂಡು ಹೋದ. ಬಿಸಿಲು ಇನ್ನೂ ಇಳಿದಿರಲಿಲ್ಲ. ಬಂದರಿನ ಬೇಲಿಯ ಆಚೆ ಒಂದು ದೊಡ್ಡ ಹಡಗು ನಿಂತಿತ್ತು. ಸುಮಾರಾಗಿ ಅಲ್ಲೇ ಎಲ್ಲೋ ನಮ್ಮ ಅಂಗಳ. ಅವನಿಗೆ ಅದು ಗೊತ್ತಿಲ್ಲ.

ಹಡಗು ನೋಡುತ್ತಲೇ ಮಾತಾಡಿದ.

"ಸ್ವರ್ಣಂದು ಎಂತ ತಪ್ಪಿಲ್ಲ ಮಾವ. ನನಗೆ ಹೆಂಗಸರ ಕಡೆ ಮನಸ್ಸೇ ಹೋಗುದಿಲ್ಲ. ಯಾವತ್ತೂ ಹೋಗ್ಲಿಲ್ಲ. ಮದುವೆ ಆದ್ರೆ ಸರಿಯಾಗ್ತದೆ ಅಂತ ಎಣಿಸಿದ್ದೆ."

ಡಾಕ್ಟರಿಗೆ ತೋರಿಸಿದಿರಾ ಎಂದು ಕೇಳಿದೆ.

"ತೋರಿಸಿದೆ. ಬೇರೆ ಊರಿಗೆ ಹೋಗಿ. ಟಾನಿಕ್ ಕೊಟ್ರು. ಮತ್ತೆ ಕರೆಂಟ್ ಕೊಟ್ರು."

"ಕರೆಂಟಾ?"

"ಹೌದು. ಕೈಗೆ ವಯರು ಕಟ್ಟಿ, ಗಂಡಸರ ಫೋಟೋ ತೋರಿಸಿ. ಆರು ಸಲ."

ಅವನ ಅಂಗಿಯ ತೋಳು ಮಣಿಕಟ್ಟಿನವರೆಗೆ ಗುಂಡಿ ಹಾಕಿತ್ತು, ಇಂಥ ಸೆಕೆಯಲ್ಲಿ. ನನ್ನ ಶಾಲೆಯಲ್ಲೂ ಇಬ್ಬರು ಹುಡುಗರಿದ್ದರು. ಒಟ್ಟಿಗೆ ಕೂತುಕೊಳ್ಳುವುದನ್ನು ನೋಡಿ ಬೇರೆ ಬೇರೆ ಸೆಕ್ಷನ್ನಿಗೆ ಹಾಕಿದ್ದೆ. ಒಬ್ಬ ಶಾಲೆ ಬಿಟ್ಟ. ಶಿಸ್ತು ಕಾಪಾಡಿದೆನೆಂದು ಅಂದಿನ ದಿನಚರಿಯಲ್ಲಿ ಬರೆದಿರಬೇಕು.

"ಹದಿನಾರಕ್ಕೆ ಅಮ್ಮ ಬರ್ತಾರೆ," ಎಂದ ಜಯಪಾಲ. "ನೀವು ಕಳಿಸ್ಬೇಡಿ. ಬೇಡ ಅಂತ ನೀವೇ ಹೇಳಿ ಮಾವ. ನನಗೆ ಹೇಳ್ಲಿಕ್ಕೆ ಆಗುದಿಲ್ಲ. ಅಮ್ಮನಿಗೆ ಗೊತ್ತಾದ್ರೆ ಸಾಯ್ತಾರೆ. ಸ್ವರ್ಣ ವಾಪಸ್ಸು ಬಂದ್ರೆ ಅವಳು ಬದುಕಿದ್ದೂ ಸತ್ತ ಹಾಗೆ."

ಕೊಟ್ಟ ಮಾತು ಒಂದು ಕಡೆ, ಇದು ಒಂದು ಕಡೆ. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾದೆ. ಇವನ ಮೇಲೆ ಸಿಟ್ಟು ಮಾಡಬೇಕೆಂದು ಮನೆಯವರೆಗೂ ಪ್ರಯತ್ನಿಸಿದೆ. ಹುಡುಗಿಯ ಮೂರು ವರ್ಷ ಹಾಳು ಮಾಡಿದ, ಅದು ಸುಳ್ಳಲ್ಲ. ಆದರೆ ಅವನ ಹಿಂದೆ ಕೂತು ಬರುವಾಗ ಅವನ ಭುಜದ ಮೇಲೆ ಕೈ ಇಟ್ಟುಕೊಂಡಿದ್ದೆ, ತೆಗೆಯಬೇಕೆಂದು ಅನಿಸಲಿಲ್ಲ.

ಏಪ್ರಿಲ್ 15. ಬಿಸು

ಏಳುತ್ತಲೇ ದೇವರ ಮುಂದಿಟ್ಟ ಕಣಿ ನೋಡಿದ್ದಾಯಿತು. ಸೌತೆಕಾಯಿ, ಗೇರುಹಣ್ಣು, ಕನ್ನಡಿ. ಸ್ವರ್ಣ ಕಾಲಿಗೆ ಬಿದ್ದಳು. ಪ್ರತಿವರ್ಷ "ದೀರ್ಘ ಸುಮಂಗಲೀ ಭವ" ಎನ್ನುತ್ತಿದ್ದೆ. ಇವತ್ತು ಅದು ಬಾಯಿಗೆ ಬರಲಿಲ್ಲ. "ನಿನಗೆ ಎಂತ ಬೇಕು?" ಎಂದು ಕೇಳಿಬಿಟ್ಟೆ. ಆಶೀರ್ವಾದ ಮಾಡುವ ಹೊತ್ತಿನಲ್ಲಿ ಕೇಳುವ ಪ್ರಶ್ನೆಯೇ ಅದು?

ಅವಳು ಎದ್ದು ನಿಂತಳು. ವಾರಿಜ ದೀಪಕ್ಕೆ ಎಣ್ಣೆ ಹಾಕುವುದನ್ನು ನಿಲ್ಲಿಸಿದಳು.

"ನನಗೆ ಗಂಡ ಬೇಕು ಮಾವ. ಸೀರೆ ಉಂಟು, ಫ್ಯಾನು ಉಂಟು, ಅವರದ್ದು ಒಳ್ಳೆ ಮಾತು ಉಂಟು. ನಾನು ಬೇಕು ಅನ್ನುವವರು ಒಬ್ಬರು ಬೇಕು. ನನಗೂ ಮೈ ಅಂತ ಒಂದು ಉಂಟಲ್ಲ. ಕೇಳ್ಬಾರದಾ?"

"ಸ್ವರ್ಣ!" ಎಂದಳು ವಾರಿಜ.

"ಕೇಳ್ಲಿ ಬಿಡು," ಎಂದೆ.

ಮಧ್ಯಾಹ್ನ ಊಟವಾದ ಮೇಲೆ ಹೆಂಡತಿ ಸುಮತಿಯ ಫೋಟೋಕ್ಕೆ ಹೂ ಇಡುವಾಗ ಕೈ ನಿಂತಿತು. ಅವಳು ಹೋಗಿ ಆರು ವರ್ಷ. ಇಪ್ಪತ್ತೆಂಟು ವರ್ಷ ಒಟ್ಟಿಗೆ ಇದ್ದೆವು. ಒಂದು ದಿನವೂ ನಿನಗೆ ಬೇಕೋ ಬೇಡವೋ ಎಂದು ನಾನು ಕೇಳಿರಲಿಲ್ಲ. ಅವಳೂ ಹೇಳಿರಲಿಲ್ಲ. ಹೇಳಿದ್ದರೆ ನಾನು ಏನೆಂದುಕೊಳ್ಳುತ್ತಿದ್ದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ತುಂಬ ದುಃಖವಾಯಿತು. ಮಕ್ಕಳಾಗಲಿಲ್ಲವೆಂದು ಅತ್ತದ್ದುಂಟು, ಇದಕ್ಕೆ ಅತ್ತದ್ದು ಇವತ್ತೇ.

ಏಪ್ರಿಲ್ 16

ಬಂದರು. ಕಳಿಸಲಿಲ್ಲ. ಕೊಟ್ಟ ಮಾತಿಗೆ ತಪ್ಪಿದ್ದು ಜೀವನದಲ್ಲಿ ಇದೇ ಮೊದಲು. ಮಾಡಿದ್ದು ಸರಿಯೋ ತಪ್ಪೋ ಗೊತ್ತಿಲ್ಲ.

ಏಪ್ರಿಲ್ 22

ಇವತ್ತು ನಾನು ಮಾಡಿದ ಕೆಲಸ ನೋಡಿದ್ದರೆ ನನ್ನ ಹಳೆಯ ಸಹೋದ್ಯೋಗಿಗಳು ನಗುತ್ತಿದ್ದರು. ಐದು ವೀಳ್ಯದೆಲೆ, ಒಂದು ಅಡಿಕೆ ಕಟ್ಟಿಕೊಂಡು ಬೆಳಿಗ್ಗೆ ಶಕ್ತಿನಗರಕ್ಕೆ ಹೋದೆ. ಸಿಮೆಂಟಿನ ಹೊಸ ಮನೆ, ಕಿಟಕಿಗೆ ಪರದೆ, ಮೂಲೆಯಲ್ಲಿ ಫ್ರಿಜ್ಜು. ಹರಿವಾಣ ಕೇಳಿದರೆ ಸ್ಟೀಲಿನ ತಟ್ಟೆ ತಂದರು. ಅದರಲ್ಲೇ ಇಟ್ಟೆ.

"ಇದು ಎಂತ?" ಎಂದರು ಜಯಪಾಲನ ತಾಯಿ.

"ಹಿಂದಿನ ಕ್ರಮ. ಅನ್ನದ ಋಣ ತೀರಿತು. ಮಾತು ಉಳಿಯಲಿ."

ಅವರು ತುಂಬ ಹೊತ್ತು ಅತ್ತರು. ನನ್ನ ಹುಡುಗನಲ್ಲಿ ಎಂತ ಕೊರತೆ ಎಂದು ಕೇಳಿದರು. ಕೊರತೆ ಇಲ್ಲ, ಕೂಡಿ ಬರಲಿಲ್ಲ ಎಂದೆ. ಜನರಿಗೆ ಎಂತ ಹೇಳುವುದು ಎಂದರು. ಜಾತಕದಲ್ಲಿ ದೋಷ ಇತ್ತು ಎಂದು ಹೇಳುವ ಎಂದು ಅವರೇ ಸಮಾಧಾನ ಮಾಡಿಕೊಂಡರು. ಕೊನೆಗೆ ತಟ್ಟೆಯಿಂದ ಒಂದು ಎಲೆ ತೆಗೆದುಕೊಂಡರು. ಬಾಯಿಗೆ ಹಾಕಲಿಲ್ಲ, ಸೆರಗಿನ ತುದಿಗೆ ಕಟ್ಟಿಕೊಂಡರು.

ಸ್ವರ್ಣಳ ಟ್ರಂಕು ಎತ್ತಲು ಕೆಲಸದವನನ್ನು ಕರೆಯುತ್ತೇನೆಂದರೆ ಜಯಪಾಲ ಬಿಡಲಿಲ್ಲ. ತಾನೇ ಹೆಗಲ ಮೇಲೆ ಹೊತ್ತು ಟ್ಯಾಕ್ಸಿಯವರೆಗೆ ತಂದ. ಡಿಕ್ಕಿ ಮುಚ್ಚಿ, "ಅವಳ ಹೊಲಿಗೆ ಮಿಶಿನ್ ನಾಳೆ ತಂದು ಕೊಡ್ತೇನೆ. ಎಣ್ಣೆ ಹಾಕ್ಲಿಕ್ಕುಂಟು," ಎಂದ. ಅವನ ಮುಖ ಹಗುರಾದ ಹಾಗೆ ಕಂಡಿತು. ಅಥವಾ ನನಗೆ ಹಾಗೆ ಬೇಕಿತ್ತೋ.

ಬರುವಾಗ ವಕೀಲರ ಮನೆಗೆ ಹೋಗಿ ಬಂದೆ. ಇಬ್ಬರೂ ಒಪ್ಪಿದರೆ ಬಿಡುಗಡೆಗೆ ಮೂರು ವರ್ಷದ ಹಿಂದಷ್ಟೇ ಕಾನೂನು ಬಂದಿದೆಯಂತೆ. ಒಂದು ವರ್ಷ ಬೇರೆ ಇರಬೇಕು, ಆಮೇಲೆ ಅರ್ಜಿ, ಮತ್ತೆ ಆರು ತಿಂಗಳು. "ಹೊಸ ಕಾನೂನು ಮಾಸ್ಟ್ರೇ, ಕಾಲ ಮುಂದೆ ಹೋಗಿದೆ," ಎಂದರು. ನನ್ನ ಅಜ್ಜಿಗೆ ಬೆಳಿಗ್ಗೆಯಿಂದ ಮಧ್ಯಾಹ್ನದ ಊಟದವರೆಗೆ ಸಾಕಾಗಿತ್ತು ಎಂದು ಹೇಳಬೇಕೆಂದಿದ್ದೆ. ಮುಂದೆ ಹೋಗುವುದು ಎಂದರೆ ಯಾವ ಕಡೆಗೆ ಎಂಬುದೇ ಈಗ ನನಗೆ ಸರಿಯಾಗಿ ತಿಳಿಯುತ್ತಿಲ್ಲ.

ಮೇ 5

ದುಗ್ಗಪ್ಪನ ಟ್ರಂಕ್ ಕಾಲ್ ಬಂತು, ಪಕ್ಕದ ಮನೆಗೆ. ಕೊರಗಪ್ಪ ಶೆಟ್ಟರ ಹೆಸರು ಒಂದೇ, ನೆನಪಿರಲಿ. ಇನ್ನೊಂದು, ಸ್ವರ್ಣಲತಾಳ ಚೌಕದಲ್ಲಿ ಜಯಪಾಲನ ಹೆಸರು ಇರಲಿ, ಕೋರ್ಟಿನಲ್ಲಿ ಇನ್ನೂ ಆಗಿಲ್ಲವಲ್ಲ, ಕುಟುಂಬದ ಮಾನ ಉಳಿಯಲಿ ಎಂದ. ಲೈನು ಸರಿಯಿರಲಿಲ್ಲ. ಆಗಲಿ ಎಂದೆನೋ ಇಲ್ಲ ಎಂದೆನೋ.

ಪ್ರೆಸ್ಸಿಗೆ ಹೋಗಿ ಸೆವರಿನ್‌ಗೆ ಹೇಳಿದೆ: "ಗಂಡನ ಚೌಕ ಎಲ್ಲ ತೆಗಿ."

"ಎಲ್ಲವಾ? ಮೂವತ್ತೇಳು ಚೌಕ ಉಂಟು ಮಾಸ್ಟ್ರೇ! ಎರಡು ವಾರ ಕೂತು ಜೋಡಿಸಿದ್ದು!"

"ಎಲ್ಲ. ಹಿಂದೆ ಹೇಗಿತ್ತೋ ಹಾಗೆ. ತಾಯಿ, ಮಕ್ಕಳು."

ಅವನು ಗೊಣಗುತ್ತಾ ಸೀಸದ ಗೆರೆಗಳನ್ನು ಒಂದೊಂದಾಗಿ ಎತ್ತಿ ಡಬ್ಬಿಗೆ ಹಾಕಿದ. ನಾನು ಸ್ಟೂಲಿನ ಮೇಲೆ ಕೂತು ನೋಡಿದೆ. ಸುಮತಿಯ ಹೆಸರು ಅದರಲ್ಲಿ ಮೊದಲಿನಿಂದಲೂ ಇರಲಿಲ್ಲ, ಅವಳು ಅವಳ ತಾಯಿಯ ಮನೆಯ ಪಟ್ಟಿಯವಳು. ಆ ಕ್ರಮದಲ್ಲೂ ಒಂದು ತಪ್ಪು ಇದೆ ಎಂದು ಆಗ ಅನಿಸಿತು. ಸರಿಯಾದ ಪಟ್ಟಿ ಹೇಗಿರಬೇಕೆಂದು ಕೇಳಿದರೆ ನನಗೆ ಗೊತ್ತಿಲ್ಲ.

"ತುಂಬ ಜಾಗ ಬಿಳಿ ಕಾಣ್ತದೆ," ಎಂದ ಸೆವರಿನ್.

"ಕಾಣ್ಲಿ."

ಮೇ 13

ಕುಟುಂಬದ ಕೂಟ ಮುಗಿಯಿತು. ಬಾಡಿಗೆಯ ಹಾಲ್, ನೂರಾ ಇಪ್ಪತ್ತು ಜನ, ಕೋಳಿ ಸುಕ್ಕ, ಪಾಯಸ. ಬೊಂಬಾಯಿಯವರ ಸೆಂಟಿನ ಘಮಕ್ಕೆ ಗುಲಾಬಿ ಚಿಕ್ಕಮ್ಮ ಮೂರು ಸಲ ಸೀನಿದರು. ಕಾಗದ ಹಂಚಿದ್ದಾಯಿತು. ದುಗ್ಗಪ್ಪ ಕನ್ನಡಕ ಹಾಕಿ ನೋಡಿದ, ತೆಗೆದು ಒರೆಸಿ ಮತ್ತೆ ನೋಡಿದ. "ಶೀನಪ್ಪಣ್ಣ, ಇದು ಎಂತ ಮಾಡಿದ್ದು ನೀವು?" ಎಂದು ಹಲ್ಲು ಕಚ್ಚಿ ಕೇಳಿದ. ಉತ್ತರ ಕೊಡುವುದರೊಳಗೆ ಅವನ ಹೆಂಡತಿಯ ಕಡೆಯಿಂದ ಬಂದ ಒಬ್ಬ ಹೆಂಗಸು ಇಡೀ ಹಾಲ್‌ಗೆ ಕೇಳುವ ಹಾಗೆ, "ಸ್ವರ್ಣ, ನಿನ್ನ ಗಂಡ ಎಲ್ಲಿ? ಬರ್ಲಿಲ್ವಾ?" ಎಂದಳು.

ಎಲ್ಲರೂ ತಿರುಗಿ ನೋಡಿದರು. ಸ್ವರ್ಣ ಊಟದ ಬಾಳೆಎಲೆಗಳ ಕಟ್ಟು ಹಿಡಿದುಕೊಂಡು ನಿಂತಿದ್ದಳು. ವಾರಿಜ "ಜಾತಕ..." ಎಂದು ಶುರು ಮಾಡಿದಳು.

ಜಯಪಾಲನ ವಿಷಯ ಅವನದು, ಅದನ್ನು ಹೇಳುವ ಹಕ್ಕು ನನಗಿಲ್ಲ. ಹಾಗಾಗಿ ನಮ್ಮದನ್ನು ಹೇಳಿದೆ. "ಇಬ್ಬರೂ ಒಳ್ಳೆಯವರು. ಕೂಡಿ ಬರ್ಲಿಲ್ಲ, ಬಿಟ್ರು. ಇನ್ನೊಬ್ಬ ಒಳ್ಳೆಯವ ಸಿಕ್ಕಿ ಅವಳಿಗೆ ಬೇಕು ಅನಿಸಿದ್ರೆ ಕೈ ಹಿಡೀತಾಳೆ. ನಮ್ಮ ಅಜ್ಜಿ ಮುತ್ತಕ್ಕೆ ಶೆಡ್ತಿಯೂ ಹಾಗೆಯೇ ಮಾಡಿದ್ದು. ಮೊದಲನೆಯವರಲ್ಲಿ ಅವಳಿಗೆ ಬೇಕಾದದ್ದು ಸಿಗ್ಲಿಲ್ಲ, ಬಿಟ್ಟಳು. ಎರಡನೆಯವರ ಕಡೆಯಿಂದ ನಾನು, ವಾರಿಜ. ಮೂರನೆಯವರ ಕಡೆಯಿಂದ ದುಗ್ಗಪ್ಪ. ಅವಳು ಬಾಯಿ ಮುಚ್ಚಿ ಅಲ್ಲೇ ಕೂತಿದ್ರೆ ಇವತ್ತು ಈ ಹಾಲ್‌ನಲ್ಲಿ ನಮ್ಮ ಪೈಕಿ ಒಬ್ಬರೂ ಇರ್ತಿರ್ಲಿಲ್ಲ."

ದುಗ್ಗಪ್ಪನ ಮುಖ ನೋಡಲಾಗಲಿಲ್ಲ. ಕುರ್ಚಿಯಲ್ಲಿ ಕೂತಿದ್ದ ಗುಲಾಬಿ ಚಿಕ್ಕಮ್ಮ ಕೋಲು ನೆಲಕ್ಕೆ ಕುಟ್ಟಿದರು.

"ಇಷ್ಟು ದೊಡ್ಡ ಸ್ವರದಲ್ಲಿ ಹೇಳ್ಲಿಕ್ಕೆ ಇದ್ರಲ್ಲಿ ಎಂತ ಉಂಟು ಮಾರಾಯ? ಗೊತ್ತಿದ್ದದ್ದೇ ಅಲ್ವಾ? ಎಲೆ ಹಾಕಿ, ಹಸಿವಾಗ್ತದೆ."

ಯಾರೋ ನಕ್ಕರು. ಮೊದಲು ನಕ್ಕದ್ದು ಸ್ವರ್ಣ ಎಂದು ವಾರಿಜ ಹೇಳುತ್ತಾಳೆ. ಎಲೆ ಹಾಕಿದರು. ದುಗ್ಗಪ್ಪ ಊಟ ಮುಗಿಯುವವರೆಗೆ ನನ್ನ ಹತ್ತಿರ ಮಾತಾಡಲಿಲ್ಲ. ಹೊರಡುವಾಗ ತಾಯಿಯ ಪಕ್ಕದಲ್ಲಿ ಕೂತು ತನ್ನ ಅಜ್ಜ ಕೊರಗಪ್ಪ ಶೆಟ್ಟರು ನೋಡಲು ಹೇಗಿದ್ದರು ಎಂದು ಕೇಳುತ್ತಿದ್ದ.

ಮನೆಗೆ ಬರುವಾಗ ಬಸ್ಸಿನಲ್ಲಿ ವಾರಿಜ ನನ್ನನ್ನೇ ನೋಡುತ್ತಿದ್ದಳು. ಏನು ಎಂದರೆ, "ಎಂತ ಇಲ್ಲ ಅಣ್ಣ. ನೀವೇನಾ ಅಂತ ನೋಡಿದ್ದು," ಎಂದಳು. ಅವಳ ಮಾತು ನನಗೆ ಅರ್ಥವಾಗಲಿಲ್ಲ. ನಾನು ಇದ್ದ ಹಾಗೇ ಇದ್ದೇನೆ. ಮಾತು ಸ್ವಲ್ಪ ದೊಡ್ಡದಾಯಿತು, ಅಷ್ಟೇ.

ಗೇಟಿನ ಬಳಿ ಒಂದು ಗೋಣಿಚೀಲ ಇಟ್ಟಿತ್ತು. ಒಳಗೆ ಹಲಸಿನ ಹಣ್ಣು. ಜಯಪಾಲ ಬಂದು ಇಟ್ಟು ಹೋದನೆಂದು ಮುಮ್ತಾಝ್ ತನ್ನ ಮನೆಯ ಅಂಗಳದಿಂದ ಕೂಗಿ ಹೇಳಿದಳು. ಸಂಕಪ್ಪ ಶೆಟ್ಟರ ಹಲಸಿನ ಹಣ್ಣಿನ ಕಥೆ ನಾನು ಅವನಿಗೆ ಹೇಳಿರಲಿಲ್ಲ. ಸ್ವರ್ಣಳ ಕಡೆ ತಿರುಗಿ ನೋಡಿದೆ. ಅವಳು ಚೀಲದೊಳಗೆ ಮೂಗು ಹಾಕಿ, "ಹಣ್ಣಾಗಿದೆ ಮಾವ. ಕೈಗೆ ಎಣ್ಣೆ ಹಚ್ಚಿಕೊಳ್ಳಿ," ಎಂದು ಕತ್ತಿ ತರಲು ಒಳಗೆ ಹೋದಳು.